ಸಣ್ಣ ಸಾವಕಾರನ ಸಮಾಜಸೇವೆ

ನೀರು ಬಂದದ್ದು ಸಂಜೆ. ಕಳ್ಳರು ಬಂದದ್ದು ಮರುದಿನ ಹಾಡುಹಗಲು, ಟ್ರ್ಯಾಕ್ಟರ್ ತೆಗೆದುಕೊಂಡು.

ಮಹಾರಾಷ್ಟ್ರದ ಗಡಿಯ ಉಮರ್ಗಾ ತಾಲೂಕಿನ ಜಾಲಿವಾಡಿಯಲ್ಲಿ ಊರು ದಿನ್ನೆಯ ಮೇಲಿದೆ, ಕೇರಿ ತಗ್ಗಿನಲ್ಲಿದೆ. ಬೆಣ್ಣೆತೊರೆ ಉಕ್ಕಿದರೆ ಊರಿನವರು ಮಾಳಿಗೆ ಹತ್ತಿ ನೋಡುತ್ತಾರೆ. ಕೇರಿಯವರು ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಓಡುತ್ತಾರೆ. ಆ ಭಾದ್ರಪದದಲ್ಲಿ ಮಳೆ ಬಿಡಲೇ ಇಲ್ಲ. ಮೇಲಿನ ತಳಾವಿನ ಒಡ್ಡು ಒಡೆಯಿತು. ಕತ್ತಲಾಗುವಷ್ಟರಲ್ಲಿ ಕೇರಿಯ ಮಣ್ಣಿನ ಗೋಡೆಗಳು ಒಂದೊಂದಾಗಿ ನೀರಿನಲ್ಲಿ ಕೂತವು.

ಚಂಪಾಬಾಯಿ ಮಗಳು ಮೀನಲಳ ಕೈ ಹಿಡಿದು, ಎದೆಮಟ್ಟದ ನೀರಿನಲ್ಲಿ ನಡೆದು, ದಿನ್ನೆಯ ಮೇಲಿನ ಶಾಲೆಗೆ ಬಂದಳು. ಬರುವ ಮೊದಲು ಎರಡು ಕೆಲಸ ಮಾಡಿದ್ದಳು. ಆಡುಗಳನ್ನು ಸಮಾಜಮಂದಿರದ ಛತ್ತಿನ ಮೇಲೆ ಹತ್ತಿಸಿ ಕಟ್ಟಿದ್ದಳು. ಮಂಚದ ಮೇಲೆ ಕಟ್ಟಿಗೆಯ ಪೆಟ್ಟಿಗೆ ಇಟ್ಟು, ಅದರ ಮೇಲೆ ಮೀನಲಳ ಹೊಲಿಗೆ ಮಷೀನು ಇಟ್ಟಿದ್ದಳು. ಗಂಡ ಸತ್ತ ಮೇಲೆ ದಿನ್ನೆಯ ಬುಡದಲ್ಲಿರುವ ಊರಿನ ಸರಕಾರಿ ದವಾಖಾನೆಯಲ್ಲಿ ಗುತ್ತಿಗೆಯ ಮೇಲೆ ಕಸ ಹೊಡೆದು ಆಕೆ ಮನೆ ನಡೆಸಿದ್ದಳು. ಮಗಳ ಕೈಗೆ ಕಸಬರಿಗೆ ಬರಬಾರದೆಂದು ಆ ಮಷೀನು. ಮೀನಲ ಕೇರಿಯವರ ಜಂಪರು ಹೊಲಿಯುತ್ತಿದ್ದಳು. ಊರ ಹೆಂಗಸರೂ ಹಿತ್ತಲ ಬಾಗಿಲಿಂದ ಬಟ್ಟೆ ಕೊಟ್ಟು ಕಳಿಸುತ್ತಿದ್ದರು. ಹೊಲಿದ ಮೇಲೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು.

ಬೆಳಗ್ಗೆ ನೀರು ಇಳಿಯಿತು. ಕೇರಿಯವರೆಲ್ಲ ಶಾಲೆಯ ಪಡಸಾಲೆಯಲ್ಲಿ ಒದ್ದೆ ಬಟ್ಟೆಯಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ವಿಶ್ವನಾಥಪ್ಪ ಸಾವಕಾರ ಖಿಚಡಿ ಮಾಡಿಸಿ ತಂದ. ಉಮರ್ಗಾ ಬಾಜಾರದಲ್ಲಿ ಅವನದು ಅಡತಿ ಅಂಗಡಿ, ಜಾಲಿವಾಡಿಯಲ್ಲಿ ಕಣ್ಣು ಹಾಯುವಷ್ಟು ಹೊಲ. ಹಣೆಗೆ ವಿಭೂತಿ, ಕೈಯಲ್ಲಿ ಸೌಟು. ತಟ್ಟೆಗೆ ಸೌಟು ತಾಕದ ಹಾಗೆ ಮೇಲಿನಿಂದ ಬೀಳಿಸುತ್ತಿದ್ದ. ಒಬ್ಬ ಫೋಟೋ ತೆಗೆಯುತ್ತಿದ್ದ.

ಚಂಪಾಬಾಯಿ ತಟ್ಟೆ ಹಿಡಿದು ಎದ್ದು ನಿಂತಾಗ ತಗ್ಗಿನ ಕಡೆ ಕಣ್ಣು ಹೋಯಿತು. ಕೇರಿಯೊಳಗೆ ಟ್ರ್ಯಾಕ್ಟರ್ ನಿಂತಿತ್ತು. ಸಾವಕಾರನದೇ ಟ್ರ್ಯಾಕ್ಟರ್. ಅವನ ಮಗ ಋಷಿಕೇಶ ಮತ್ತು ಇನ್ನಿಬ್ಬರು ಮನೆಮನೆಗೆ ಹೊಕ್ಕು ಹೊರಗೆ ಬರುತ್ತಿದ್ದರು. ತಗಡು, ಹಂಡೆ, ಸೈಕಲ್ಲು. ಅವಳ ಆಡುಗಳು ಆಗಲೇ ಟ್ರಾಲಿಯಲ್ಲಿದ್ದವು.

ತಟ್ಟೆ ಅಲ್ಲೇ ಇಟ್ಟು ಓಡಿದಳು. ಮೊಣಕಾಲಿನವರೆಗೆ ರಾಡಿ. ಎರಡು ಸಲ ಬಿದ್ದಳು. ಅವಳು ಮುಟ್ಟುವ ಹೊತ್ತಿಗೆ ಋಷಿಕೇಶ ಮಷೀನನ್ನು ಟ್ರಾಲಿಗೆ ಏರಿಸಿದ್ದ.

"ಸಣ್ಣ ಸಾವಕಾರ್ರ, ಅದು ನಮ್ಮ ಮಷೀನ ರೀ."

"ಗೊತ್ತದ. ಸುರಕ್ಷಿತ ಜಾಗಾದಾಗ ಇಡ್ತೀವಿ. ನೀ ಹೋಗು, ಖಿಚಡಿ ತಿನ್ನು."

"ಕೊಡ್ರಿ, ನಾ ತಲಿ ಮ್ಯಾಲ ಹೊತ್ಕೊಂಡು ಹೋಗ್ತೀನಿ. ಅದರ ಮ್ಯಾಲ ನನ್ನ ಮಗಳ ಹೊಟ್ಟಿ ಅದ."

"ಕೈ ತೆಗಿ ಚಂಪಿ."

ಆಕೆ ಟ್ರಾಲಿಯ ಅಂಚು ಬಿಡಲಿಲ್ಲ. ಋಷಿಕೇಶ ಟ್ರಾಲಿಯ ಹಿಂದಿನ ತಗಡಿನ ಬಾಗಿಲು ಎತ್ತಿ ಹೊಡೆದ. ಬಲಗೈಯ ಎರಡು ಬೆರಳು ನಡುವೆ ಸಿಕ್ಕವು. ಆಕೆ ಕೂಗಿಕೊಂಡಳು. ಅವನು ಬಾಗಿಲನ್ನು ಮತ್ತೆ ತೆರೆದದ್ದು ಅವಳ ಬೆರಳು ಬಿಡಿಸುವುದಕ್ಕಲ್ಲ, ಬಾಗಿಲು ಸರಿಯಾಗಿ ಕೂತಿಲ್ಲವೆಂದು. ಬೆರಳು ಹೊರಗೆ ಬಿದ್ದ ಮೇಲೆ ಇನ್ನೊಮ್ಮೆ ಹೊಡೆದು ಚಿಲಕ ಹಾಕಿದ.

ಶಾಲೆಯ ಕಟ್ಟೆಯ ಮೇಲಿನಿಂದ ಮೀನಲ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದಳು. ಅದೊಂದು ಇಲ್ಲದಿದ್ದರೆ ಈ ಕಥೆ ಆ ರಾಡಿಯಲ್ಲೇ ಮುಗಿಯುತ್ತಿತ್ತು.

ಪೊಲೀಸ್ ಠಾಣೆಯಲ್ಲಿ ಜಮಾದಾರ ವಿಡಿಯೋ ನೋಡಿದ. ಎರಡು ಸಲ ನೋಡಿದ. ಆಮೇಲೆ ಚಹಾ ಕುಡಿದ.

"ಕಾಯ ಗ ಬಾಯಿ," ಮರಾಠಿ ಬೆರೆಸಿ ಕೇಳಿದ. "ಏನು ಬರೀಲಿ?"

"ಮನಿ ಹೊಕ್ಕು ಕಳವು ಮಾಡ್ಯಾರ್ರೀ ಸಾಹೇಬ್ರ."

"ಮನಿ ಎಲ್ಲದ? ನಿನ್ನ ಹಿಂದಿನ ಗೋಡಿ ಬಿದ್ದದ, ಬಾಗಲಾ ಹರಕೊಂಡು ಹೋಗ್ಯಾದ. ಗೋಡಿ ಇಲ್ದಿದ್ದು ಮನಿ ಹ್ಯಾಂಗ ಆಗ್ತದ? ಅದು ಬೈಲು. ಬೈಲಾಗ ಬಿದ್ದಿದ್ದು ಎತ್ತಿಕೊಂಡಾರ."

ಚಂಪಾಬಾಯಿ ಬಟ್ಟೆ ಸುತ್ತಿದ ಕೈ ಮುಂದೆ ಮಾಡಿದಳು. "ಇದು ರೀ?"

"ಮಹಾಪೂರದಾಗ ಕಲ್ಲಿಗಿ ಸಿಕ್ಕಿರಬೇಕು."

"ವಿಡಿಯೋದಾಗ ಕಾಣಸ್ತದಲ್ರೀ," ಎಂದಳು ಮೀನಲ. "ಅಟ್ರಾಸಿಟಿ ಕಾಯದಾ ಹಚ್ರಿ."

ಜಮಾದಾರ ನಕ್ಕ. "ಜಾತಿ ಹೆಸರು ತೊಗೊಂಡು ಬೈದ್ನೇನು? ನೀವೇ ಹೇಳ್ದಂಗ ಚಂಪಿ ಅಂದಾನ ಅಷ್ಟ. ಮಷೀನಿಗಿ ಜಾತಿ ಅದೇನು, ಪೋರಿ?"

ಆಡುಗಳನ್ನು ತುರೋರಿಯ ಹೆದ್ದಾರಿ ಢಾಬಾವೊಂದಕ್ಕೆ ಮಾರಿದ್ದು ಕೇರಿಗೆಲ್ಲ ಗೊತ್ತಿತ್ತು. ಪಂಚನಾಮೆಯಲ್ಲಿ ಅವು ನೀರಲ್ಲಿ ಹರಿದುಹೋದವು. ಉಳಿದ ಮನೆಗಳವರು ಬಾಯಿ ಬಿಡಲಿಲ್ಲ. ಅವರೆಲ್ಲ ಸಾವಕಾರನ ಹೊಲದಲ್ಲಿ ಸೋಯಾ ಕೊಯ್ಯುವವರು. ಕೇರಿಯ ಹಿರಿಯ ನಾಗಣ್ಣ ಚಂಪಾಬಾಯಿಯನ್ನು ಕರೆದು, "ತಂಗಿ, ಹಾದೀಲಿ ಹೋಗೋ ಮಾರಿ ಮನಿಗಿ ಕರೀಬ್ಯಾಡ. ಅರ್ಜಿ ವಾಪಸ್ ತೊಗೊ," ಅಂದ.

"ಮಾರಿ ಹಾದೀಲಿ ಎಲ್ಲಿ ಹೋತು ಅಣ್ಣಾ? ಮನಿ ಹೊಕ್ಕು ಹೊರಗ ಬಂತು."

ವಿಡಿಯೋ ಇದ್ದದ್ದಕ್ಕೆ ಅವಳ ಅರ್ಜಿ ಒಂದೇ ಸಾದಾ ಕಳವೆಂದು ದಾಖಲಾಯಿತು. ಒಂದು ಹಳೇ ಮಷೀನು, ಒಂದು ಹಂಡೆ, ನಾಲ್ಕು ತಗಡು. ಪೊಲೀಸರ ಲೆಕ್ಕದಲ್ಲಿ ಅವಳ ಬದುಕೆಲ್ಲ ಐದು ಸಾವಿರದೊಳಗೆ ಕೂತಿತು. ಹೊಸ ಕಾಯದೆಯಲ್ಲಿ ಒಂದು ದಾರಿ ಇದೆ: ಮೊದಲ ಸಲದ ಕಳವು, ಐದು ಸಾವಿರದೊಳಗಿನ ಮಾಲು, ಮಾಲು ತಿರುಗಿ ಕೊಟ್ಟರೆ ಜೈಲಿಲ್ಲ. ಸಮಾಜಸೇವೆ ಮಾಡಿದರೆ ಸಾಕು.

ಸಾವಕಾರನ ವಕೀಲ ಆ ದಾರಿ ಹಿಡಿದ. ಮಷೀನು ವಾಪಸು ಬಂತು. ಗಾಲಿ ಇರಲಿಲ್ಲ, ಸೂಜಿ ಕೂರುವ ಕಬ್ಬಿಣ ಸೀಳಿತ್ತು, ಹೊಟ್ಟೆಯೊಳಗೆ ಮಣ್ಣು ಗಟ್ಟಿಯಾಗಿತ್ತು. ಕೋರ್ಟಿನ ಮನುಷ್ಯ ಅದನ್ನು ಅವಳ ಮುಂದೆ ಇಟ್ಟು, "ಸಿಕ್ಕಿತಲ್ಲ?" ಎಂದು ಕೇಳಿದ. ಮೀನಲ ಅದರ ಮೇಲೆ ಕೈಯಾಡಿಸಿ ಹೊರಗೆ ಹೋದಳು.

ತೀರ್ಪು ಬಂದಾಗ ಬೇಸಿಗೆ. ಚಂಪಾಬಾಯಿಯ ಬೆರಳು ಆ ಹೊತ್ತಿಗೆ ಕೂಡಿಕೊಂಡಿದ್ದವು, ಸೊಟ್ಟಗೆ, ಕೊಕ್ಕೆಯ ಹಾಗೆ. ತಾಲೂಕಾ ಕೋರ್ಟಿನಲ್ಲಿ ಆಕೆ ಬಾಗಿಲ ಹತ್ತಿರ ನಿಂತಿದ್ದಳು. ಋಷಿಕೇಶ ಬಿಳಿ ಅಂಗಿ ಹಾಕಿ, ವಿಭೂತಿ ಹಚ್ಚಿ, ತಲೆ ತಗ್ಗಿಸಿ ನಿಂತಿದ್ದ. ವಕೀಲ ಹೇಳಿದ: ಹುಡುಗ ಕಲಿತವನು, ಮುಂದೆ ಬದುಕಿದೆ, ಪೂರ ಬಂದಾಗ ಇದೇ ಮನೆತನ ನೂರಾರು ಜನಕ್ಕೆ ಅನ್ನ ಹಾಕಿದೆ. ನ್ಯಾಯಾಧೀಶರು ತಲೆ ಆಡಿಸಿದರು. ಒಂದು ತಿಂಗಳು ತನ್ನ ಊರಿನ ಸರಕಾರಿ ದವಾಖಾನೆಯನ್ನು ಅವನು ದಿನಾಲು ಸ್ವಚ್ಛ ಮಾಡಬೇಕು. ವಾರ್ಡು, ಅಂಗಳ, ಗಟಾರ, ಸಂಡಾಸ. ಅಲ್ಲಿಗೆ ಶಿಕ್ಷೆ ಮುಗಿಯಿತು.

ಊರಿನ ಕಟ್ಟೆಯ ಮೇಲೆ ಇದೇ ಮಾತು. "ಅಂಥಾ ಮನಿತನದ ಹುಡುಗಗ ಸಂಡಾಸ ತೊಳಿಯಾ ಶಿಕ್ಷಾ? ಕಲಿಯುಗ." "ನಾಲ್ಕು ತಗಡಿನ ಸಲುವಾಗಿ ಹುಡುಗನ ಬಾಳ ಹಾಳಾತು." ವಿಶ್ವನಾಥಪ್ಪ ಮಾತ್ರ ಸಮಾಧಾನದಿಂದ ಹೇಳಿದ: "ಇರಲಿ ಬಿಡ್ರಿ. ಕಾಯಕ ಅಂತ ತಿಳ್ಕೋತಾನ."

ಚಂಪಾಬಾಯಿಗೆ ಮಾತ್ರ ಹೊಟ್ಟೆ ತಣ್ಣಗಾಗಿತ್ತು. ಜೈಲು ಅವಳಿಗೆ ಬೇಕಾಗಿರಲಿಲ್ಲ. ಜೈಲೆಂದರೆ ಏನೆಂದು ಅವಳಿಗೆ ಗೊತ್ತಿಲ್ಲ. ಸಂಡಾಸ ಗೊತ್ತು. ಒಂದು ತಿಂಗಳು ಅವನು ಬಗ್ಗಲಿ. ಆ ವಾಸನೆ ಕೂದಲಲ್ಲಿ ಇಳಿಯಲಿ. ಉಣ್ಣುವಾಗ ತನ್ನ ಕೈಯನ್ನು ತಾನೇ ಮೂಸಿ ನೋಡಲಿ. ಅಷ್ಟಾದರೆ ಸಾಕು, ಬೆರಳಿನ ಲೆಕ್ಕ ಬಿಟ್ಟೇನು ಅಂದುಕೊಂಡಳು.

"ಅವ್ವಾ, ಖರೆ ಹೊಡಿತಾನೇನ ಅಂವಾ ಕಸಾ?" ಮೀನಲ ಕೇಳಿದಳು.

"ಕೋರ್ಟು ಹೇಳ್ಯಾದವಾ. ಹೊಡೀಲೇಬೇಕು."

ಮೊದಲ ದಿನ ಆಕೆ ಬೇಗ ಹೋಗಿ ಬಕೆಟ್ಟು ತುಂಬಿಸಿ, ಕಸಬರಿಗೆ, ಫಿನಾಯಿಲು, ಆಸಿಡ್ಡಿನ ಬಾಟಲಿ ಬಾಗಿಲಲ್ಲಿ ಸಾಲಾಗಿ ಇಟ್ಟಳು. ಋಷಿಕೇಶ ಹತ್ತು ಗಂಟೆಗೆ ಮೋಟಾರ್ ಸೈಕಲ್ ಮೇಲೆ ಬಂದ. ಹಿಂದೆ ಇಬ್ಬರು ಗೆಳೆಯರು. ಕಂಪೌಂಡರ್ ಪಂಕಜ ಫ್ಯಾನಿನ ಕೆಳಗೆ ಕುರ್ಚಿ ಹಾಕಿದ. ಋಷಿಕೇಶ ಕೈಗವಸು ಹಾಕಿಕೊಂಡ, ಮಾಸ್ಕು ಕಟ್ಟಿಕೊಂಡ, ಕಸಬರಿಗೆ ಹಿಡಿದು ಬಗ್ಗಿ ನಿಂತ. ಗೆಳೆಯ ಫೋಟೋ ಹೊಡೆದ. ಮುಗಿಯಿತು. ಕಸಬರಿಗೆಯನ್ನು ಚಂಪಾಬಾಯಿಯ ಕಾಲ ಬಳಿ ಬೀಳಿಸಿದ.

"ಹಿಡಿ. ನಿಂದೇ ಕೆಲಸ ಅದು."

"ಕೋರ್ಟು ನಿಮಗ ಹೇಳ್ಯಾದ ರೀ."

"ಕೋರ್ಟು ದವಾಖಾನಿ ಸ್ವಚ್ಛ ಆಗ್ಬೇಕು ಅಂದದ. ಆಗ್ಲಿಲ್ಲಂದ್ರ ನೋಡು."

ಆಕೆ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. "ಮಾವಶಿ, ನೀ ಗುತ್ತಿಗಿ ಮ್ಯಾಲ ಇದ್ದೀ. ನನಗೂ ಈ ಊರಾಗ ನೌಕರಿ ಮಾಡಾದದ. ಸುಮ್ಮ ಮಾಡು."

ಮಾಡಿದಳು. ಮೊದಲು ಅವಳ ಪಾಲಿಗೆ ವಾರ್ಡು, ಸಂಡಾಸ ಇದ್ದವು. ಈಗ ಕೋರ್ಟು ಅವನಿಗೆ ಹೇಳಿದ್ದೂ ಅವಳ ಮೇಲೆ ಬಿತ್ತು. ಪೂರದ ಮಣ್ಣು ಇನ್ನೂ ತುಂಬಿದ್ದ ಗಟಾರ. ಹೆಣ ಕೊಯ್ಯುವ ಕೋಣೆಯ ಹಿಂದಿನ ತಿಪ್ಪೆ. ಸೊಟ್ಟ ಬೆರಳಿಗೆ ಕಸಬರಿಗೆ ನಿಲ್ಲುತ್ತಿರಲಿಲ್ಲ, ಜಾರುತ್ತಿತ್ತು. ಅಂಗೈಗೆ ಹಗ್ಗದಿಂದ ಕಟ್ಟಿಕೊಂಡು ಹೊಡೆದಳು. ಹಗ್ಗ ಚರ್ಮ ತಿಂದಿತು. ಋಷಿಕೇಶ ಫ್ಯಾನಿನ ಕೆಳಗೆ ಕೂತು ಫೋನಿನಲ್ಲಿ ಆಟ ಆಡಿದ. ಮಧ್ಯಾಹ್ನ ಅವನ ತಾಯಿ ಸುಗಂಧಾ ಡಬ್ಬಿ ಕಳಿಸುತ್ತಿದ್ದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು. ಉಂಡು ಕೈ ತೊಳೆದ ನೀರನ್ನು ಅವಳು ಆಗಷ್ಟೇ ಒರೆಸಿದ ನೆಲದ ಮೇಲೆ ಚೆಲ್ಲುತ್ತಿದ್ದ.

ವಾರವಾದ ಮೇಲೆ ಗುತ್ತೇದಾರ ರೇವಣಪ್ಪ ಬಂದ.

"ಚಂಪಾ, ಈ ತಿಂಗಳು ನಿನ್ನ ಪಗಾರ ಇಲ್ಲ."

"ಯಾಕ್ರೀ?"

"ಕಸ ಹೊಡಿಯೋ ಮನಷ್ಯಾನ್ನ ಕೋರ್ಟೇ ಪುಕಟ ಕಳಿಸ್ಯಾದ. ಒಂದು ಕೆಲಸಕ್ಕ ಇಬ್ಬರನ್ನ ಹ್ಯಾಂಗ ತೋರಸ್ಲಿ?"

"ಹೊಡಿಲಾಕತ್ತಾಕಿ ನಾ ರೀ, ರೇವಣಪ್ಪನೋರ. ಕಣ್ಣಿಲೇ ನೋಡ್ರಿ."

"ನಾ ನೋಡಿ ಏನು ಮಾಡ್ಲಿ? ಸರಕಾರಕ್ಕ ಅಂವಾ ಕಾಣಸ್ತಾನ, ನೀ ಕಾಣಸಾಂಗಿಲ್ಲ."

"ಹಂಗಾರ ನಾ ಮನ್ಯಾಗ ಕುಂದ್ರತೀನಿ."

"ಕುಂದ್ರು. ಮುಂದ ಬರಲಾಕ ಹೋಗಬ್ಯಾಡ."

ಮನೆ ಎಂದರೆ ಆಗ ನಾಲ್ಕು ಕೋಲು, ಒಂದು ತಾಡಪತ್ರಿ. ಮೀನಲ ಶಾಲೆಯ ಹುಡುಗರ ಅಂಗಿಗೆ ಕೈಯಿಂದ ಗುಂಡಿ ಹಚ್ಚುತ್ತಿದ್ದಳು. ಚಂಪಾಬಾಯಿ ಮರುದಿನ ಬೆಳಗ್ಗೆ ಮತ್ತೆ ದವಾಖಾನೆಗೆ ಹೋದಳು. ಅವನ ಕಳವಿನ ಶಿಕ್ಷೆಯನ್ನು ಅವಳು ಕೂಲಿಯಿಲ್ಲದೆ ಮಾಡಿದಳು.

ಹೆಂಗಸರ ವಾರ್ಡಿನ ಸಂಡಾಸ ಒಂದು ದಿನ ಕಟ್ಟಿಕೊಂಡಿತು. ಹೆರಿಗೆಯಾದ ಯಾರೋ ಬಟ್ಟೆ ತುರುಕಿದ್ದರು, ಒಳಗೆ ಪೂರದ ಮಣ್ಣು ಬೇರೆ. ನೀರು ಮೇಲೆ ಬಂದು ಹೊಲಸು ನೆಲಕ್ಕೆಲ್ಲ ಹರಡಿತು. ಕೋಲು ಹಾಕಿದಳು, ಬಟ್ಟೆ ಸರಿಯಲಿಲ್ಲ. ಪಂಕಜ ದೂರದಿಂದಲೇ ಹೇಳಿದ: "ಕೈ ಹಾಕು ಮಾವಶಿ, ಬ್ಯಾರೆ ಹಾದಿ ಇಲ್ಲ."

ಮೊಣಕೈವರೆಗೆ ಹಾಕಿದಳು. ಋಷಿಕೇಶ ಬಾಗಿಲಲ್ಲಿ ನಿಂತು, ಮೂಗಿಗೆ ಕರವಸ್ತ್ರ ಹಿಡಿದು ನೋಡುತ್ತಿದ್ದ. ಸೊಟ್ಟ ಬೆರಳು ಕೊಳವೆಯ ಬಾಯಿಗೆ ಸಿಕ್ಕಿಬಿದ್ದವು. ಅವಳ ಮುಖ ಹೊಲಸಿನಿಂದ ಗೇಣು ದೂರದಲ್ಲಿತ್ತು.

"ಚಂಪಿ, ಒಂದು ಮಾತು ಹೇಳ್ಲೇನು?" ಅವನು ಅಂದ. "ಆವತ್ತ ಟ್ರಾಲಿ ಬಿಟ್ಟಿದ್ರ ಬಟ್ಟು ಉಳಿತಿದ್ವು. ಈಗ ನೋಡು, ಒಳಗ ಹೋಗ್ಲಾಕತ್ತಿಲ್ಲ."

ಗೆಳೆಯರು ನಕ್ಕರು. ಆಕೆ ಎಡಗೈ ಹಾಕಿ ಬಟ್ಟೆ ಎಳೆದು ತೆಗೆದಳು. ರಕ್ತ, ಕೂದಲು, ಮಣ್ಣು. ಬಕೆಟ್ಟಿಗೆ ಹಾಕಿದಳು. ನೀರು ಇಳಿಯಿತು. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಕೂತು ವಾಂತಿ ಮಾಡಿದಳು. ಅಷ್ಟು ವರ್ಷದ ಕೆಲಸದಲ್ಲಿ ಅವಳು ವಾಂತಿ ಮಾಡಿದ್ದು ಅದೊಂದೇ ಸಲ. ಹೊಲಸಿಗಲ್ಲ. ಆ ನಗೆಗೆ.

ಅವತ್ತು ಮನೆಗೆ ಹೋಗಿ ಉಣ್ಣಲಿಲ್ಲ.

ತಿಂಗಳು ಮುಗಿಯುತ್ತ ಬಂದಾಗ ಕೋರ್ಟಿನಿಂದ ಬೇಲೀಫ ಬಂದ. ಶಿಕ್ಷೆ ಸರಿಯಾಗಿ ನಡೆದಿದೆಯೋ ಇಲ್ಲವೋ ನೋಡಿಕೊಂಡು ಹೋಗಬೇಕಿತ್ತು. ಮುಂಚೆಯೇ ಸುದ್ದಿ ಬಂದಿತ್ತು. ಪಂಕಜ ಋಷಿಕೇಶನ ಪ್ಯಾಂಟಿನ ಅಂಚಿಗೆ ನೀರು ಚಿಮುಕಿಸಿದ, ಅಂಗಿಗೆ ಸ್ವಲ್ಪ ಮಣ್ಣು ಸವರಿದ. ಕೈಗೆ ಕಸಬರಿಗೆ ಕೊಟ್ಟ. ಡಾಕ್ಟರು ಬೇಲೀಫನಿಗೆ ಚಹಾ ತರಿಸಿದರು. ಬೇಲೀಫ ನಡುವಯಸ್ಸಿನ ಮನುಷ್ಯ. ಉಮರ್ಗಾ ಬಸ್ಸು ಹಿಡಿಯುವ ಅವಸರದಲ್ಲಿದ್ದ. ವಾರ್ಡು ಸುತ್ತಿ ಬಂದು ಚಂಪಾಬಾಯಿಯನ್ನು ಕಂಡ.

"ಮಾವಶಿ, ನೀ ಇಲ್ಲೇ ಇರ್ತಿಯಲ್ಲ. ಹುಡುಗ ಚೊಲೋ ಕೆಲಸಾ ಮಾಡ್ಯಾನಲ್ಲ?"

ಡಾಕ್ಟರು ಅವಳನ್ನೇ ನೋಡಿದರು. ಪಂಕಜ ಕೆಮ್ಮಿದ. ಋಷಿಕೇಶನ ಮುಖದಲ್ಲಿ ಸಣ್ಣ ನಗೆ ಇತ್ತು.

ಚಂಪಾಬಾಯಿ ಸೆರಗು ತಲೆಗೆ ಎಳೆದುಕೊಂಡಳು. ಕೈ ಜೋಡಿಸಿದಳು.

"ಮಾಡ್ಯಾರ್ರೀ ಸಾಹೇಬ್ರ. ಹೆಣ್ಣಮಕ್ಕಳ ಸಂಡಾಸ ಒಂದು ಇವತ್ತಿಂದು ಉಳದದ. ಈಗ ಮಾಡ್ತಾರ. ನಿಂತು ನೋಡ್ರಿ."

"ಹಾಂ, ಮಾಡು ತಮ್ಮಾ, ಮಾಡು. ಒಂದು ಫೋಟೋ ತೊಗೊಂಡು ಹೋಗ್ತೀನಿ," ಅಂದ ಬೇಲೀಫ.

ಋಷಿಕೇಶನಿಗೆ ಹಿಂದೆ ಸರಿಯಲು ದಾರಿ ಇರಲಿಲ್ಲ. ಒಂದು ಫೋಟೋದ ಮಾತು. ಉಸಿರು ಬಿಗಿಹಿಡಿದು ಒಳಗೆ ಒಂದು ಹೆಜ್ಜೆ ಇಟ್ಟ. ಚಂಪಾಬಾಯಿ ಅವನ ಹಿಂದೆ ಬಕೆಟ್ಟು ಇಟ್ಟಳು, ಫಿನಾಯಿಲು ಇಟ್ಟಳು. ಆಮೇಲೆ ಬಾಗಿಲು ಎಳೆದಳು. ಹೊರಗಿನಿಂದ ಚಿಲಕ ಹಾಕಿ, ಸೊಂಟದಲ್ಲಿ ಸಿಕ್ಕಿಸಿ ತಂದಿದ್ದ ಬೀಗ ಹಾಕಿ, ಕೀಲಿಯನ್ನು ಜಂಪರಿನೊಳಗೆ ಬಿಟ್ಟುಕೊಂಡಳು. ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಬೇಲೀಫ ಇನ್ನೂ ಫೋನು ಹಿಡಿದು ನಿಂತಿದ್ದ.

"ಮಾವಶಿ, ಇದೇನ ಚೇಷ್ಟಾ?" ಡಾಕ್ಟರು ಕೂಗಿದರು.

"ಚೇಷ್ಟಾ ಅಲ್ರೀ. ಇಷ್ಟು ದಿನಾ ಇವರ ಶಿಕ್ಷಾ ನಾ ಮಾಡೀನಿ. ಒಂದು ದಿನಂದು ಇವರು ಮಾಡ್ಲಿ. ತೊಳದ್ರಂದ್ರ ತೆಗಿತೀನಿ."

ಒಳಗಿನಿಂದ ಒದೆತ ಶುರುವಾಯಿತು. ಅವಳ ಬೆನ್ನಿಗೆ ಬಾಗಿಲು ಹೊಡೆಯಿತು. ಋಷಿಕೇಶ ಜಾತಿ ಹಿಡಿದು ಬೈದ, ಅವಳನ್ನು, ಮಗಳನ್ನು, ಸತ್ತ ಗಂಡನನ್ನು. ಬೇಲೀಫ ಕೇಳಿದ, ಡಾಕ್ಟರು ಕೇಳಿದರು, ವಾರ್ಡಿನ ಬಾಣಂತಿಯರು ಕೇಳಿದರು. ಆಮೇಲೆ ಇವರಲ್ಲಿ ಒಬ್ಬರೂ ಕೇಳಿದೆನೆಂದು ಹೇಳಲಿಲ್ಲ.

"ಬೈರಿ," ಅಂದಳು ಚಂಪಾಬಾಯಿ. "ಬೈಕೋತ ನೀರು ಹಾಕ್ರಿ. ಮೊದಲು ಅರ್ಧಾ ಬಕೆಟ್ ಹಾಕಬೇಕು. ಕಸಬರಿಗಿ ಕೈಯಾಗೇ ಅದ. ನಿಮ್ಮವು ಹತ್ತೂ ಬಟ್ಟು ನೆಟ್ಟಗ ಅವ."

ಸುದ್ದಿ ಊರಿಗೆ ಮುಟ್ಟಿತು. ಸಾವಕಾರನ ಜೀಪು ಬಂತು. ಅಂಗಳ ತುಂಬಿತು. ವಿಶ್ವನಾಥಪ್ಪ ಎದುರಿಗೆ ನಿಂತ. ಅವಳನ್ನು ಮುಟ್ಟಿ ಎಳೆಯಬೇಕೋ ಬೇಡವೋ ಎಂದು ಅವನಿಗೇ ತಿಳಿಯದಾಯಿತು.

"ಚಂಪಿ, ಏಳು. ನಿನ್ನ ತಾಡಪತ್ರೀನೂ ಉಳಿಯಾಂಗಿಲ್ಲ."

"ಸುಡ್ರಿ ಸಾವಕಾರ್ರ. ಗೋಡಿ ಇಲ್ದಿದ್ದು ಮನಿ ಅಲ್ಲ ಅಂತ ಜಮಾದಾರ ಸಾಹೇಬ್ರು ಹೇಳ್ಯಾರ. ಸುಟ್ಟರ ನಿಮಗ ಕೇಸಿಲ್ಲ."

ಕೇರಿಯಿಂದ ಮೀನಲ ಓಡಿಬಂದಳು. ಅವಳ ಹಿಂದೆ ಒಬ್ಬರಾದ ಮೇಲೊಬ್ಬರು ಹೆಂಗಸರು ಬಂದರು. ನಾಗಣ್ಣ ದೂರದ ಬೇವಿನ ಗಿಡದ ಕೆಳಗೆ ನಿಂತ. ಹೆಂಗಸರು ಚಂಪಾಬಾಯಿಯ ಎಡಕ್ಕೂ ಬಲಕ್ಕೂ ಬಾಗಿಲಿಗೆ ಒತ್ತಿ ಕೂತರು.

ಆಮೇಲೆ ಸುಗಂಧಾ ಬಂದಳು. ತನ್ನ ಮನೆಯ ಹೊಸ್ತಿಲು ದಾಟಿ ದವಾಖಾನೆಗೆ ಆಕೆ ಎಂದೂ ಬಂದವಳಲ್ಲ. ಬಂದವಳೇ ಸೆರಗು ಒಡ್ಡಿದಳು.

"ಚಂಪಾ, ನಿನಗೂ ಮಗಳದಾಳ. ತಾಯಿ ಹೊಟ್ಟಿ ನಿನಗ ಗೊತ್ತದ. ಬಿಡವಾ ನನ್ನ ಕೂಸಿನ್ನ."

ಸಾವಕಾರನ ಹೆಂಡತಿ ತನ್ನ ಮುಂದೆ ಸೆರಗು ಒಡ್ಡಿ ನಿಂತದ್ದು ನೋಡಿ ಚಂಪಾಬಾಯಿಯ ಕೈ ಎದೆಯ ಹತ್ತಿರ ಹೋಯಿತು. ಕೀಲಿ ಬೆರಳಿಗೆ ತಾಗಿತು.

"ಆ ವಾಸನ್ಯಾಗ ನನ್ನ ಕೂಸು ಹ್ಯಾಂಗ ಇದ್ದೀತು ಚಂಪಾ?"

ಕೈ ಅಲ್ಲೇ ನಿಂತಿತು. ಕೆಳಗೆ ಇಳಿಯಿತು.

"ನಾ ಹ್ಯಾಂಗ ಇದ್ದೆ ರೀ ಅವ್ವಾರ?"

ಆ ಪ್ರಶ್ನೆ ಸುಗಂಧಾಗೆ ತಿಳಿಯಲಿಲ್ಲ. ಚಂಪಾಬಾಯಿಗೂ ಅಲ್ಲಿ ಇರಲಾಗದೆಂದು ಆಕೆ ಎಂದೂ ಅಂದುಕೊಂಡಿರಲಿಲ್ಲ.

ಒಳಗೆ ಬೈಗುಳ ನಿಂತಿತ್ತು. ಓಕರಿಸುವ ಸಪ್ಪಳ ಬಂತು. ಅಳು ಬಂತು. "ಅವ್ವಾ" ಎಂದು ಕೂಗಿದ. ಆಮೇಲೆ ನೀರು ಸುರಿದ ಸಪ್ಪಳ. ಆಮೇಲೆ ಕಸಬರಿಗೆ ನೆಲ ಕೆರೆಯಿತು. ಒಂದು ಸಲ. ಇನ್ನೊಂದು ಸಲ. ಆಮೇಲೆ ಒಂದೇ ಸಮನೆ.

ಚಂಪಾಬಾಯಿ ಕಣ್ಣು ಮುಚ್ಚಿದಳು. ಆ ಸಪ್ಪಳ ಅವಳು ದಿನಾಲು ಕೇಳಿದ್ದೇ. ಆದರೆ ಬೇರೆಯವರ ಕೈಯಿಂದ ಬರುವುದನ್ನು ಹುಟ್ಟಿದ ಮೇಲೆ ಮೊದಲ ಸಲ ಕೇಳಿದಳು.

"ಮೂಲಿ ಬಿಡಬ್ಯಾಡ್ರಿ," ಅಂದಳು ಮೆಲ್ಲಗೆ.

ಪೊಲೀಸರು ಬಂದರು. ಜಮಾದಾರ ಚಂಪಾಬಾಯಿಯ ಕೂದಲು ಹಿಡಿದು ಎಳೆದ. ಹೆಂಗಸರ ಬೆನ್ನಿಗೆ ಲಾಠಿ ಬಿತ್ತು, ಮೀನಲಳ ಹಣೆ ಒಡೆಯಿತು. ಕೀಲಿ ಚಂಪಾಬಾಯಿಯ ಹತ್ತಿರವೇ ಇತ್ತು, ಆದರೆ ಯಾರೂ ಕೇಳಲಿಲ್ಲ. ಜಮಾದಾರ ಒದ್ದು ಬಾಗಿಲು ಮುರಿದ.

ಋಷಿಕೇಶ ಹೊರಗೆ ಬಂದ. ಮೊಣಕಾಲಿನವರೆಗೆ ಒದ್ದೆ. ಅಂಗಿಯ ತುಂಬ ಕಲೆ, ಕೈಗವಸು ಎಲ್ಲೋ ಬಿದ್ದಿತ್ತು. "ಅವ್ವಾ" ಎಂದು ತಾಯಿಯ ಕಡೆಗೆ ಓಡಿದ. ಸುಗಂಧಾ ಎರಡೂ ಕೈ ಚಾಚಿ ಓಡಿಬಂದವಳು ಮಾರು ದೂರದಲ್ಲಿ ನಿಂತುಬಿಟ್ಟಳು. ಸೆರಗು ಮೂಗಿಗೆ ಹೋಯಿತು.

"ಮೊದಲು ಜಳಕಾ ಮಾಡು, ಬಾ," ಅಂದಳು. "ಹಿತ್ತಲ ಬಾಗಲಿಂದ ಬಾ."

ಪೊಲೀಸ್ ಜೀಪಿಗೆ ಹತ್ತಿಸುವಾಗ ಚಂಪಾಬಾಯಿ ಅದನ್ನು ನೋಡಿದಳು. ಆ ಹುಡುಗನ ಮುಖವನ್ನೂ ನೋಡಿದಳು. ಮರುಕ ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

ಅವಳ ಮೇಲೆ ಹಚ್ಚಿದ ಕಲಮುಗಳು ಬಹಳ. ಮನುಷ್ಯನನ್ನು ಕೂಡಿಹಾಕಿದ್ದು. ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದ್ದು. ಗುಂಪು ಕಟ್ಟಿದ್ದು. ಜಮಾದಾರ ಒದ್ದು ಮುರಿದ ಬಾಗಿಲು ಕೂಡ ಅವಳ ತಲೆಗೇ ಬಂತು: ಸರಕಾರಿ ಆಸ್ತಿಯ ನುಕಸಾನ. ಋಷಿಕೇಶನ ಶಿಕ್ಷೆಯ ಉಳಿದ ದಿನಗಳನ್ನು ಮನ್ನಾ ಮಾಡಿದರು. ಹುಡುಗ ಪಡಬಾರದ ಕಷ್ಟ ಪಟ್ಟಿದ್ದಾನೆ, ಸೇವೆ ಪೂರ್ತಿಯಾಗಿದೆ ಎಂದು ಬೇಲೀಫ ಹೇಳಿದ.

ಅದೇ ಕೋರ್ಟು, ಅದೇ ನ್ಯಾಯಾಧೀಶರು. ಈ ಸಲ ಅವಳು ಬಾಗಿಲ ಹತ್ತಿರವಲ್ಲ, ಕಟಕಟೆಯಲ್ಲಿ ನಿಂತಿದ್ದಳು.

"ಏನಾದರೂ ಹೇಳುವುದಿದೆಯೇ?" ನ್ಯಾಯಾಧೀಶರು ಮರಾಠಿಯಲ್ಲಿ ಕೇಳಿದರು.

"ನಂದೂ ಮೊದಲನೇ ಗುನ್ಹೆ ರೀ ಸಾಹೇಬ್ರ. ನನಗೂ ಸಮಾಜಸೇವಾ ಕೊಡ್ರಿ."

ಕೋರ್ಟಿನಲ್ಲಿ ಕೆಲವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಸಮಾಜಸೇವೆ ಸಣ್ಣ ಅಪರಾಧಕ್ಕೆ ಮಾತ್ರ, ನಿನ್ನದು ಸಣ್ಣದಲ್ಲ ಎಂದರು. ಕೇಸು ಮುಗಿಯುವ ತನಕ ಜೈಲು. ಜಾಮೀನಿಗೆ ನಿಲ್ಲಲು ಜಾಲಿವಾಡಿಯಿಂದ ಆಸ್ತಿ ಇದ್ದವರು ಯಾರೂ ಬರಲಿಲ್ಲ.

ಜಿಲ್ಲಾ ಜೈಲಿನಲ್ಲಿ ಹೆಂಗಸರದೊಂದು ಉದ್ದ ಕೋಣೆ. ಬೆಳಗ್ಗೆ ಕಾವಲಿನ ಹೆಂಗಸು ಬಂದಳು. ಹೊಸಬರ ಹೆಸರು, ಊರು, ಮಾಡುವ ಕೆಲಸ ಕೇಳಿದಳು. ಚಂಪಾಬಾಯಿ ಹೇಳಿದಳು. ಕೆಲಸ ಕೇಳಿದ್ದೇ ಕಾವಲಿನವಳ ಮುಖ ಹಗುರಾಯಿತು. ಮೂಲೆಯಲ್ಲಿದ್ದ ಕಸಬರಿಗೆ ತೆಗೆದು ಅವಳ ಮುಂದೆ ಎಸೆದಳು.

"ಛಲೋ ಆತು. ಏಳು. ಮೊದಲು ಸಂಡಾಸ, ಆಮ್ಯಾಲ ಪಡಸಾಲಿ."

ಚಂಪಾಬಾಯಿ ಏಳಲಿಲ್ಲ.

"ಕಿವಿ ಕೇಳಸಾಂಗಿಲ್ಲೇನು?"

"ಕೇಳಸ್ತದ ರೀ."

ಕಾವಲಿನವಳು ಕೆನ್ನೆಗೆ ಹೊಡೆದಳು. ಚಂಪಾಬಾಯಿಯ ತಲೆ ಗೋಡೆಗೆ ತಾಕಿತು. ಉಳಿದ ಹೆಂಗಸರು ಮುಖ ತಿರುಗಿಸಿದರು. ಇವತ್ತು ಯಾರಿಗೂ ರೊಟ್ಟಿ ಇಲ್ಲ, ಇಕಿ ಏಳೋ ತನಕ ಇಲ್ಲ, ಎಂದು ಕಾವಲಿನವಳು ಕೂಗಿ ಹೇಳಿದಳು. ಯಾರೋ ಚಂಪಾಬಾಯಿಯನ್ನು ಬೈದರು. ಇನ್ನೊಬ್ಬಳು ಕಾಲಿಗೆ ಬಿದ್ದು, ಏಳವಾ ತಾಯಿ, ಹಸದೀವಿ ಅಂದಳು.

ಚಂಪಾಬಾಯಿ ತುಟಿಯ ರಕ್ತ ಒರೆಸಿಕೊಂಡಳು. ಕಾಲು ಮಡಚಿ ಇನ್ನೂ ಸರಿಯಾಗಿ ಕೂತಳು.

"ನನಗ ಕುಂದ್ರಾ ಶಿಕ್ಷಾ ಕೊಟ್ಟಾರ ರೀ ಬಾಯಿ, ಕುಂತೀನಿ. ಕಸ ಹೊಡಿಯಾ ಶಿಕ್ಷಾ ಜಾಲಿವಾಡಿ ಸಾವಕಾರನ ಮಗಂದು. ಅಂವನ ಕರೀರಿ."